ಶುಶ್ರೂಷಾ ಕಾಯಕ ಮತ್ತು ನಮ್ಮ ಮಕ್ಕಳು



ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತೆಂದರೆ ಮಠಕ್ಕೆ ಬರುವ ಭಕ್ತಾದಿಗಳ ಸಂಖ್ಯೆ ಅಧಿಕವಾಗುತ್ತದೆ. ತಂದೆತಾಯಿಗಳು ಮಕ್ಕಳನ್ನು ಕರೆತಂದು, ಗದ್ದುಗೆಗೆ ನಮಸ್ಕರಿಸಿ, ಮುಂದೆ ಯಾವ ವಿದ್ಯೆಗೆ ಸೇರಿಸಬೇಕೆಂದು ಕೇಳುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಮೊದಲು ಬರುವ ಹೆಸರು ವೈದ್ಯಕೀಯ. ಅದರ ಬೆನ್ನಿಗೇ ಇಂಜಿನಿಯರಿಂಗು. ಅವೆರಡೂ ಕೈಗೆಟುಕವೆಂದು ಖಚಿತವಾದ ಮೇಲೆ ಕೃಷಿ, ಔಷಧಶಾಸ್ತ್ರ ಮೊದಲಾದವುಗಳ ಪ್ರಸ್ತಾಪವಾಗುತ್ತದೆ. ಎಲ್ಲವೂ ಮುಗಿದ ಬಳಿಕ, ಸ್ವಲ್ಪ ಸಂಕೋಚದಿಂದ, “ಯಾವುದೂ ಆಗದಿದ್ದರೆ ನರ್ಸಿಂಗ್ ಆದರೂ ಸರಿ” ಎಂಬ ಮಾತು ಹೊರಡುತ್ತದೆ. ಆ “ಆದರೂ” ಎಂಬ ಪದವನ್ನು ಕುರಿತು ಈ ಸಂಚಿಕೆಯಲ್ಲಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಅಪೇಕ್ಷೆ.

ಈ ವಿದ್ಯೆಯನ್ನು ಪಂಕ್ತಿಯ ಕೊನೆಯಲ್ಲಿ ಕೂರಿಸಲು ಜನರು ಕೊಡುವ ಕಾರಣಗಳನ್ನು ನಾವು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದೇವೆ. ನರ್ಸ್ ಎಂದರೆ ವೈದ್ಯರು ಹೇಳಿದ್ದನ್ನು ಮಾಡುವ ಆಳು, ಅದಕ್ಕೆ ಹೆಚ್ಚಿನ ಓದು ಏತಕ್ಕೆ ಎಂಬುದು ಒಂದು. ರಾತ್ರಿಪಾಳಿಯ ಕೆಲಸ, ಪರಪುರುಷರ ಸೇವೆ, ಹೆಣ್ಣುಮಗಳ ಮದುವೆಗೆ ತೊಡಕಾದೀತು ಎಂಬುದು ಮತ್ತೊಂದು. ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಬೇರೂರಿರುವ ಮೂರನೆಯ ಕಾರಣವೊಂದುಂಟು. ಅದು ಮೈಲಿಗೆಯ ಭಾವನೆ. ಕಂಡವರ ಮೈ ತೊಳೆಯುವುದು, ಮಲಮೂತ್ರಗಳನ್ನು ಎತ್ತುವುದು, ಹೆರಿಗೆಯ ರಕ್ತವನ್ನು ಮುಟ್ಟುವುದು, ಶವವನ್ನು ಒರೆಸಿ ಬಟ್ಟೆ ಸುತ್ತುವುದು ನಮ್ಮ ಮನೆತನಕ್ಕೆ ತಕ್ಕ ಕೆಲಸವೇ ಎಂಬ ಪ್ರಶ್ನೆ. ಮೊದಲೆರಡು ಕಾರಣಗಳಿಗೆ ಲೋಕಾನುಭವವೇ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಉತ್ತರ ಕೊಡಬೇಕಾದುದು ಮಠಗಳ ಕರ್ತವ್ಯ.

ಮೊದಲನೆಯ ಆಕ್ಷೇಪವನ್ನು ನೋಡೋಣ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗಾಗಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೊರಟ ಫ್ಲಾರೆನ್ಸ್ ನೈಟಿಂಗೇಲ್‌ರ ಹೆಸರನ್ನು ಕೇಳದವರು ವಿರಳ. ಕೈಯಲ್ಲಿ ದೀಪ ಹಿಡಿದು ರೋಗಿಗಳ ನಡುವೆ ಸುಳಿದಾಡುವ ಅವರ ಚಿತ್ರ ಶಾಲೆಯ ಪುಸ್ತಕಗಳಿಂದ ನಮಗೆಲ್ಲ ಪರಿಚಿತ. ಆದರೆ ಆ ಮಹಿಳೆ ಅಂಕಿಅಂಶಗಳ ಶಾಸ್ತ್ರದಲ್ಲಿ ಪರಿಣತರಾಗಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಯುದ್ಧದ ಗಾಯಗಳಿಂದ ಸತ್ತ ಸೈನಿಕರಿಗಿಂತ ಆಸ್ಪತ್ರೆಯ ಕೊಳೆ ಮತ್ತು ಸೋಂಕಿನಿಂದ ಸತ್ತವರೇ ಹೆಚ್ಚೆಂಬುದನ್ನು ಅವರು ಲೆಕ್ಕ ಹಾಕಿ, ನಕ್ಷೆ ಬರೆದು, ಸರ್ಕಾರಕ್ಕೆ ತೋರಿಸಿಕೊಟ್ಟರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ಕರುಣೆಯೊಂದೇ ಸಾಲದು, ಅದಕ್ಕೆ ಶಾಸ್ತ್ರದ ಆಧಾರ ಬೇಕೆಂಬ ತತ್ತ್ವವು ಆ ಶಾಲೆಯಿಂದ ಲೋಕಕ್ಕೆ ಹರಡಿತು. ನಮ್ಮ ದೇಶದಲ್ಲಿ 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿಯೂ ಶುಶ್ರೂಷಾಶಾಸ್ತ್ರಕ್ಕೆ ವಿಶ್ವವಿದ್ಯಾಲಯದ ಪದವಿ ತರಗತಿಗಳು ಆರಂಭವಾದವು. ಮರುವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾನೂನು ಬಂದಿತು. ಕರ್ನಾಟಕದಲ್ಲಿ 1996ರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಈ ಪದವಿಯ ಬೋಧನೆ, ಪರೀಕ್ಷೆಗಳ ಹೊಣೆ ಹೊತ್ತಿದೆ.

ಈ ಪದವಿಯ ಅವಧಿ ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನ, ಪೋಷಣಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ, ರೋಗಲಕ್ಷಣಶಾಸ್ತ್ರ, ಮನಶ್ಶಾಸ್ತ್ರ ಇವೆಲ್ಲವನ್ನೂ ಕಲಿತ ಮೇಲೆ ವಯಸ್ಕರ, ಮಕ್ಕಳ, ಮಾನಸಿಕ ರೋಗಿಗಳ, ಬಾಣಂತಿಯರ, ಗ್ರಾಮಸಮುದಾಯದ ಶುಶ್ರೂಷೆಗಳನ್ನು ಬೇರೆ ಬೇರೆಯಾಗಿ ಅಭ್ಯಾಸ ಮಾಡಬೇಕು. ತರಗತಿಯ ಪಾಠದಷ್ಟೇ ಆಸ್ಪತ್ರೆಯ ವಾರ್ಡಿನ ಪಾಠವೂ ಮುಖ್ಯ. ಮಗುವಿನ ತೂಕಕ್ಕೆ ತಕ್ಕಂತೆ ಔಷಧದ ಪ್ರಮಾಣವನ್ನು ಲೆಕ್ಕ ಹಾಕುವಾಗ ಒಂದು ದಶಾಂಶಬಿಂದು ಸ್ಥಾನಪಲ್ಲಟವಾದರೆ ಪ್ರಾಣಕ್ಕೇ ಸಂಚಕಾರ. ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ನೋಡಿ ಹೋಗುತ್ತಾರೆ. ಇಪ್ಪತ್ತನಾಲ್ಕು ಗಂಟೆಯೂ ರೋಗಿಯ ಮಗ್ಗುಲಲ್ಲಿದ್ದು, ಉಸಿರಿನಲ್ಲಿ, ಮೈಬಣ್ಣದಲ್ಲಿ, ಮೂತ್ರದ ಪ್ರಮಾಣದಲ್ಲಿ ಆಗುವ ಸೂಕ್ಷ್ಮ ವ್ಯತ್ಯಾಸವನ್ನು ಮೊದಲು ಗುರುತಿಸಿ ವೈದ್ಯರನ್ನು ಕರೆಯಬೇಕಾದವರು ಶುಶ್ರೂಷಕರು. ಇಂತಹವರನ್ನು ಆಳೆಂದು ಕರೆಯುವುದು ನಮ್ಮ ಅಜ್ಞಾನವನ್ನಷ್ಟೇ ಪ್ರಕಟಿಸೀತು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಇವರ ಹುದ್ದೆಗೆ ಶುಶ್ರೂಷಾಧಿಕಾರಿ ಎಂಬ ಹೆಸರಿರುವುದು ಯೋಗ್ಯವೇ ಆಗಿದೆ.

ನಮ್ಮ ಹಿರಿಯ ಗುರುಗಳು ಲಿಂಗೈಕ್ಯರಾಗುವುದಕ್ಕೆ ಮುಂಚೆ ಹತ್ತೊಂಬತ್ತು ದಿನಗಳ ಕಾಲ ನಗರದ ಆಸ್ಪತ್ರೆಯೊಂದರಲ್ಲಿದ್ದರು. ಆಗ ಅವರ ಬಳಿಯಲ್ಲಿದ್ದ ನಮಗೆ ಈ ವಿದ್ಯೆಯ ನಿಜವಾದ ಸ್ವರೂಪ ಕಣ್ಣಾರೆ ಕಾಣುವಂತಾಯಿತು. ಬಲಗೈಯಿಂದ ಉಣ್ಣುವವರಿಗೆ ಅನುಕೂಲವಾಗಲೆಂದು ಗ್ಲೂಕೋಸಿನ ಸೂಜಿಯನ್ನು ಎಡಗೈಗೆ ಚುಚ್ಚುವುದು ವಾಡಿಕೆ. ಅಂತೆಯೇ ಅವರಿಗೂ ಎಡಗೈಗೆ ಹಾಕಿದ್ದರು. ಮರುದಿನ ಬೆಳಗಿನ ಜಾವ ಗುರುಗಳು ಪೂಜೆಗೆಂದು ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಲು ಪ್ರಯತ್ನಿಸುತ್ತಿದ್ದರು. ನೋವಿನಿಂದ ಕೈ ನಡುಗುತ್ತಿತ್ತು. ರಾತ್ರಿಪಾಳಿಯಲ್ಲಿದ್ದ ಶುಶ್ರೂಷಕಿ ಅದನ್ನು ದೂರದಿಂದಲೇ ಗಮನಿಸಿದಳು. ಅವಳು ಅನ್ಯಧರ್ಮೀಯಳು, ಇಷ್ಟಲಿಂಗವೆಂದರೇನೆಂಬುದು ಅವಳಿಗೆ ತಿಳಿದಿರಲಿಲ್ಲ. ಬಳಿಗೆ ಬಂದು, “ಸ್ವಾಮೀಜಿಯವರಿಗೆ ಈ ಕೈಯೇ ಬೇಕೆ?” ಎಂದು ನಮ್ಮನ್ನು ವಿಚಾರಿಸಿದಳು. ವಿಷಯವನ್ನು ತಿಳಿದುಕೊಂಡು, ವೈದ್ಯರಿಗೆ ಹೇಳಿ, ಸೂಜಿಯನ್ನು ಬಲಗೈಗೆ ಬದಲಾಯಿಸಿದಳು. ಅಷ್ಟೇ ಅಲ್ಲ, ಬೆಳಗಿನ ನಾಲ್ಕೂವರೆಗೆ ಮೈ ಒರೆಸಿ, ಹಾಸಿಗೆಯ ತಲೆಭಾಗವನ್ನು ಏರಿಸಿ, ತೋಳಿನ ಕೆಳಗೆ ದಿಂಬು ಇಡಬೇಕೆಂದು ಮುಂದಿನ ಪಾಳಿಯವರಿಗಾಗಿ ಪುಸ್ತಕದಲ್ಲಿ ಬರೆದಿಟ್ಟಳು. ಕೊನೆಯ ದಿನದವರೆಗೂ ಗುರುಗಳ ಲಿಂಗಪೂಜೆಗೆ ಭಂಗ ಬರಲಿಲ್ಲ. ನಮ್ಮ ಪರಿವಾರದವರಲ್ಲಿ ಕೆಲವರು ಆರಂಭದಲ್ಲಿ ಅವಳು ಗುರುಗಳ ಮೈಮುಟ್ಟುವುದಕ್ಕೇ ಹಿಂಜರಿದಿದ್ದರು. ಗುರುಗಳು ಆ ಹಿಂಜರಿಕೆಯನ್ನು ಕಂಡು, ಮಾತನಾಡಲು ಶಕ್ತಿಯಿಲ್ಲದಿದ್ದರೂ, ಅವಳ ಕೈಯಿಂದಲೇ ನೀರು ಕುಡಿದರು.

ಆ ಒಂದು ಗುಟುಕು ನೀರಿನಲ್ಲಿ ನಮ್ಮ ಧರ್ಮದ ಒಂದು ಮುಖ್ಯ ಸಿದ್ಧಾಂತ ಅಡಗಿದೆ. ಲಿಂಗಧಾರಿಗೆ ಪಂಚಸೂತಕಗಳಿಲ್ಲ ಎಂಬುದನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಇವೇ ಆ ಐದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಇವನ್ನು ಅಲ್ಲಗಳೆದರು. ಮನೆಯಲ್ಲಿ ಮಗು ಹುಟ್ಟಿದರೂ, ಹಿರಿಯರು ಲಿಂಗೈಕ್ಯರಾದರೂ, ಹೆಣ್ಣುಮಗಳು ಋತುಮತಿಯಾಗಿದ್ದರೂ ಇಷ್ಟಲಿಂಗಪೂಜೆಯನ್ನು ನಿಲ್ಲಿಸುವ ಕಾರಣವಿಲ್ಲವೆಂಬುದು ನಮ್ಮ ಆಚಾರ. ಈಗ ವಾಚಕರು ಶಾಂತಚಿತ್ತರಾಗಿ ಒಂದು ಆಸ್ಪತ್ರೆಯ ವಾರ್ಡನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಹೆರಿಗೆಯ ಕೋಣೆಯಲ್ಲಿ ಶಿಶುವನ್ನು ಕೈಗೆತ್ತಿಕೊಳ್ಳುವಾಗ ಜನನಸೂತಕ. ಸ್ತ್ರೀರೋಗದ ವಾರ್ಡಿನಲ್ಲಿ ರಜಸ್ಸೂತಕ. ನುಂಗಲಾರದ ವೃದ್ಧನ ಬಾಯಿಯನ್ನು ಶುಚಿಗೊಳಿಸುವಾಗ ಉಚ್ಛಿಷ್ಟಸೂತಕ. ಪ್ರಾಣ ಹೋದ ದೇಹದ ಕಣ್ಣು ಮುಚ್ಚಿಸಿ, ಕೈಕಾಲು ನೇರಮಾಡುವಾಗ ಮರಣಸೂತಕ. ಪಕ್ಕಪಕ್ಕದ ಮಂಚಗಳಲ್ಲಿ ಮಲಗಿದವರ ಕುಲವನ್ನು ವಿಚಾರಿಸದೆ ಎಲ್ಲರ ಮೈಯನ್ನೂ ಮುಟ್ಟುವಾಗ ಜಾತಿಸೂತಕ. ಈ ಐದನ್ನೂ ಒಂದೇ ಪಾಳಿಯಲ್ಲಿ, ಎಂಟು ಗಂಟೆಗಳ ಅವಧಿಯಲ್ಲಿ, ದಾಟಿ ನಿಲ್ಲುವ ಕಾಯಕ ಶುಶ್ರೂಷೆಯನ್ನು ಬಿಟ್ಟರೆ ಮತ್ತೊಂದಿರುವುದು ಕಷ್ಟ. ನಾವು ವೇದಿಕೆಯ ಮೇಲೆ ಯಾವುದನ್ನು ಉಪದೇಶಿಸುತ್ತೇವೆಯೋ ಅದನ್ನು ಅವರು ಕೈಗಳಿಂದ ಆಚರಿಸುತ್ತಾರೆ. ಹೀಗಿರಲು ಕೊರಳಲ್ಲಿ ಲಿಂಗ ಧರಿಸಿದವರೇ ಮೈಲಿಗೆಯ ನೆಪದಿಂದ ಈ ವಿದ್ಯೆಗೆ ಮಕ್ಕಳನ್ನು ಕಳುಹಿಸಲು ಹಿಂದೆಗೆದರೆ ಅದು ಶರಣಧರ್ಮಕ್ಕೆ ಒಪ್ಪುವ ಮಾತಾಗಲಾರದು.

ಇಲ್ಲಿ ಒಂದು ಸಂದೇಹ ಬರಬಹುದು. ಆಸ್ಪತ್ರೆಯಲ್ಲಿಯೂ ಮುಟ್ಟಬಾರದು, ಕೈತೊಳೆಯಬೇಕು, ಬಟ್ಟೆ ಬದಲಾಯಿಸಬೇಕೆಂಬ ಕಟ್ಟಳೆಗಳಿವೆಯಲ್ಲವೇ, ಅದೂ ಒಂದು ಬಗೆಯ ಮಡಿಯೇ ತಾನೇ ಎಂದು ವಿದ್ಯಾವಂತರೇ ನಮ್ಮನ್ನು ಕೇಳಿದ್ದುಂಟು. ಎರಡಕ್ಕೂ ಅಜಗಜಾಂತರವಿದೆ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಶವಪರೀಕ್ಷೆ ಮಾಡಿ ಬಂದ ವೈದ್ಯರ ಕೈಗಳಿಂದಲೇ ಬಾಣಂತಿಯರಿಗೆ ಮಾರಕ ಜ್ವರ ತಗಲುತ್ತಿದೆಯೆಂದು ಕಂಡುಹಿಡಿದು, ಕ್ಲೋರಿನ್ ಬೆರೆತ ದ್ರಾವಣದಲ್ಲಿ ಕೈ ತೊಳೆಯುವ ನಿಯಮ ಮಾಡಿದರು. ಬಾಣಂತಿಯರ ಮರಣ ಗಣನೀಯವಾಗಿ ಇಳಿಯಿತು. ಗಮನಿಸಬೇಕಾದುದೇನೆಂದರೆ, ಅಲ್ಲಿ ಅಶುಚಿಯಾಗಿದ್ದುದು ಬಡ ಬಾಣಂತಿಯ ಮೈಯಲ್ಲ, ಪ್ರತಿಷ್ಠಿತ ವೈದ್ಯನ ಕೈ. ಮಡಿಯು ತನ್ನನ್ನು ಇತರರಿಂದ ಕಾಪಾಡಿಕೊಳ್ಳಲು ಹೊರಡುತ್ತದೆ. ಶುಚಿತ್ವವು ತನ್ನಿಂದ ರೋಗಿಯನ್ನು ಕಾಪಾಡಲು ಹೊರಡುತ್ತದೆ. ರೋಗಾಣುವಿಗೆ ಕುಲಗೋತ್ರಗಳಿಲ್ಲ, ಅದನ್ನು ತೊಳೆಯುವ ಸಾಬೂನಿಗೂ ಇಲ್ಲ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಒಡಹುಟ್ಟಿದವರೂ ದೂರ ಸರಿದಾಗ, ಮೈತುಂಬ ಕವಚ ತೊಟ್ಟು, ಬೆವರಿನಲ್ಲಿ ತೊಯ್ದು, ಅಪರಿಚಿತರ ಬಾಯಿಗೆ ನೀರು ಹನಿಸಿದವರು ಯಾರೆಂಬುದನ್ನು ನಾವು ಇಷ್ಟು ಬೇಗ ಮರೆಯಬಾರದು.

ನಮ್ಮ ಪುರಾತನರ ಚರಿತ್ರೆಯಲ್ಲಿ ಶುಶ್ರೂಷೆಗೆ ಇರುವ ಸ್ಥಾನವೂ ಸಣ್ಣದಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ಭೀಮಕವಿ 1369ರಲ್ಲಿ ಕನ್ನಡದಲ್ಲಿ ರಚಿಸಿದ ಬಸವಪುರಾಣದಲ್ಲಿಯೂ ಬೆಜ್ಜಮಹಾದೇವಿಯ ಕಥೆ ಬರುತ್ತದೆ. ಲೋಕಕ್ಕೆಲ್ಲ ತಂದೆಯಾದ ಶಿವನಿಗೆ ತಾಯಿಯಿಲ್ಲವೆಂದು ಮರುಗಿದ ಆ ಭಕ್ತೆ ತಾನೇ ಅವನ ತಾಯಾಗಿ ನಿಂತಳು. ಲಿಂಗವನ್ನು ಶಿಶುವೆಂದು ಭಾವಿಸಿ ಎಣ್ಣೆಯೊತ್ತಿ ಎರೆದಳು, ಹಾಲೂಡಿದಳು. ಅವಳ ಭಕ್ತಿಯನ್ನು ಪರೀಕ್ಷಿಸಲು ಶಿವನು ಬಾಯಿಬೇನೆ ಬಂದ ಮಗುವಿನಂತೆ ಹಾಲನ್ನೊಲ್ಲದೆ ಇದ್ದಾಗ, ಅವಳು ಪಟ್ಟ ಸಂಕಟವನ್ನು ಕಂಡು ಅವನೇ ಪ್ರತ್ಯಕ್ಷನಾಗಬೇಕಾಯಿತು. ಇತರ ಭಕ್ತರು ಶಿವನಿಂದ ವರವನ್ನು ಬೇಡಿದರು. ಈಕೆ ಶಿವನಿಗೆ ಏನು ಬೇಕೆಂದು ವಿಚಾರಿಸಿದಳು. ಶುಶ್ರೂಷೆಯ ಮರ್ಮವಿರುವುದು ಇಲ್ಲಿಯೇ. ಕಲ್ಯಾಣದ ಶರಣರ ಗಣದಲ್ಲಿ ವೈದ್ಯ ಸಂಗಣ್ಣನೂ ಇದ್ದನು. ಇತ್ತೀಚಿನವರೆಗೆ ನಮ್ಮ ನಡುವೆಯೇ ಇದ್ದ ಪಾವಗಡದ ಸೂಲಗಿತ್ತಿ ನರಸಮ್ಮನವರು ಹಣ ಪಡೆಯದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು. ಅವರಿಗೆ ಶಾಲೆಯ ಓದಿರಲಿಲ್ಲ. ಬದುಕಿನ ಅನುಭವವೇ ವಿದ್ಯೆಯಾಗಿತ್ತು. ಇಂದಿನ ಮಕ್ಕಳಿಗೆ ಆ ಅಂತಃಕರಣದೊಡನೆ ವಿಶ್ವವಿದ್ಯಾಲಯದ ವಿದ್ಯೆಯೂ ಸೇರುವ ಸುಯೋಗವಿದೆ.

ಇನ್ನು ಪ್ರವೇಶದ ವಿಚಾರ. ಇದು ಸುಲಭವಾಗಿ ದೊರೆಯುವ ಸೀಟೆಂದು ತಿಳಿಯುವುದು ಸರಿಯಲ್ಲ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿ, ಸಾಮಾನ್ಯ ವರ್ಗದವರು ಒಟ್ಟು ಶೇಕಡಾ 45, ಪರಿಶಿಷ್ಟರು ಶೇಕಡಾ 40 ಅಂಕ ಪಡೆದಿರಬೇಕು; ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ವರ್ಷ ತುಂಬಿರಬೇಕು. ಇವು ಕನಿಷ್ಠ ಅರ್ಹತೆಗಳು ಮಾತ್ರ. 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಬಿ.ಎಸ್‌ಸಿ. ನರ್ಸಿಂಗ್ ಸೀಟುಗಳನ್ನೂ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಹಂಚುತ್ತ ಬಂದಿದೆ. ಸರ್ಕಾರಿ ಕಾಲೇಜುಗಳ ಸೀಟುಗಳು ಕೆಲವೇ. ಶುಲ್ಕ ಕಡಿಮೆ, ವಾರ್ಡಿನ ಅನುಭವ ಅಪಾರವಾದುದರಿಂದ ಸ್ಪರ್ಧೆ ತೀವ್ರವಾಗಿದೆ. ದೆಹಲಿಯ ಏಮ್ಸ್ ಸಂಸ್ಥೆಗೆ ಅದರದೇ ಪ್ರವೇಶ ಪರೀಕ್ಷೆಯುಂಟು. ಅಲ್ಲಿಯ ಆನರ್ಸ್ ಪದವಿಗೆ ಹೆಣ್ಣುಮಕ್ಕಳಿಗೆ ಮಾತ್ರ ಅವಕಾಶ. ಸೈನಿಕ ಶುಶ್ರೂಷಾ ಸೇವೆಯ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಸೇನಾ ಕಮಾಂಡ್ ಆಸ್ಪತ್ರೆಯಲ್ಲಿಯೇ ಇದ್ದು, ಅಲ್ಲಿಗೆ ನೀಟ್ ಪರೀಕ್ಷೆಯ ಅಂಕಗಳು ಆಧಾರ. ಓದು ಮುಗಿಸಿದ ಹೆಣ್ಣುಮಗಳು ಸೇನೆಯ ಅಧಿಕಾರಿಯಾಗಿ ಹೊರಬರುತ್ತಾಳೆ. ಆದುದರಿಂದ ಈ ವಿದ್ಯೆಯನ್ನು ಬಯಸುವವರು ಪಿ.ಯು.ಸಿ. ಮೊದಲ ವರ್ಷದಿಂದಲೇ ಸಿದ್ಧತೆ ಮಾಡತಕ್ಕದ್ದು. ಜೀವಶಾಸ್ತ್ರವನ್ನು ಚೆನ್ನಾಗಿ ಓದಿ ಭೌತಶಾಸ್ತ್ರವನ್ನು ಉಪೇಕ್ಷಿಸುವುದು ನಮ್ಮ ಗ್ರಾಮಾಂತರದ ಮಕ್ಕಳಲ್ಲಿ ಸಾಮಾನ್ಯ. ರ‍್ಯಾಂಕು ಇಳಿಯುವುದು ಅಲ್ಲಿಯೇ.

ಕಾಗದಪತ್ರಗಳ ವಿಷಯದಲ್ಲಿಯೂ ಎಚ್ಚರ ಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಸರ್ಕಾರವು ಮೀಸಲಾತಿಯನ್ನು ಕಲ್ಪಿಸಿದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆಯಬೇಕು. ಕೊನೆಯ ದಿನ ಓಡಾಡುವುದಕ್ಕಿಂತ ಪರೀಕ್ಷೆಗೆ ಮೊದಲೇ ಇವನ್ನು ಸಿದ್ಧವಾಗಿಟ್ಟುಕೊಳ್ಳುವುದು ಲೇಸು.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ಪದವಿಗೆ ಅರ್ಜಿ ಹಾಕಬಯಸುವ ಮಕ್ಕಳಿಂದ ನಾವು ಒಂದು ಪುಟದ ಬರಹವನ್ನು ಬರೆಯಿಸುತ್ತೇವೆ. “ನಾನು ಈ ವಿದ್ಯೆಯನ್ನು ಏಕೆ ಕಲಿಯಬೇಕು?” ಎಂಬುದೇ ಪ್ರಶ್ನೆ. ಇದನ್ನು ಯಾವ ಪ್ರಾಧಿಕಾರವೂ ಕೇಳಿಲ್ಲ. ಮಗುವು ತನ್ನ ಮನಸ್ಸನ್ನು ತಾನೇ ತಿಳಿಯಲಿ ಎಂಬುದಷ್ಟೇ ಉದ್ದೇಶ. ಹೆಚ್ಚಿನವರು ದೇಶಸೇವೆ, ಜನಸೇವೆ ಎಂಬ ಮಾತುಗಳಿಂದ ಪುಟ ತುಂಬಿಸುತ್ತಾರೆ. 2023ರಲ್ಲಿ ಒಬ್ಬ ಹುಡುಗಿಯ ಪುಟ ಬೇರೆ ರೀತಿಯಲ್ಲಿತ್ತು. ಅವಳ ಅಜ್ಜಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಬೆನ್ನಿನಲ್ಲಿ ಹಾಸಿಗೆ ಹುಣ್ಣಾಗಿ, ಮನೆಯವರಿಗೆ ದಿಕ್ಕು ತೋಚದೆ ಇದ್ದಾಗ ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿಯೊಬ್ಬರು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಹಾಸಿಗೆಯಲ್ಲಿ ಸುಕ್ಕು ಇರಬಾರದು, ತೇವ ನಿಲ್ಲಬಾರದು ಎಂದು ಹೇಳಿಕೊಟ್ಟರಂತೆ. ಹುಡುಗಿ ಗೋಡೆಯ ಮೇಲೆ ವೇಳೆ ಬರೆದುಕೊಂಡು, ರಾತ್ರಿಯಲ್ಲಿಯೂ ಎದ್ದು, ಹಾಗೆಯೇ ಮಾಡಿದಳು. ಹೊಸ ಹುಣ್ಣುಗಳು ಆಗಲಿಲ್ಲ. ಹಳೆಯದು ನಿಧಾನವಾಗಿ ಮಾಯ್ದಿತು. “ಔಷಧವಿಲ್ಲದೆ ಬರೀ ಮಗ್ಗುಲು ಬದಲಾಯಿಸಿದರೆ ಹುಣ್ಣು ಏಕೆ ಆಗುವುದಿಲ್ಲ ಎಂಬುದು ನನಗೆ ಗೊತ್ತಿಲ್ಲ, ಅದನ್ನು ಓದಿ ತಿಳಿಯಬೇಕು” ಎಂದು ಅವಳು ಮುಗಿಸಿದ್ದಳು. ಒತ್ತಡದಿಂದ ಚರ್ಮಕ್ಕೆ ರಕ್ತ ಹರಿಯುವುದು ನಿಂತಾಗ ಹುಣ್ಣಾಗುತ್ತದೆಯೆಂಬ ಉತ್ತರವು ಅವಳಿಗೆ ಮೊದಲ ವರ್ಷದಲ್ಲಿಯೇ ಸಿಕ್ಕಿರಬೇಕು. ನಾವು ಮೆಚ್ಚಿದ್ದು ಆ ಪ್ರಶ್ನೆಯನ್ನು. ಕೈಯಿಂದ ಸೇವೆ ಮಾಡಿ, ಆ ಸೇವೆಯ ಕಾರಣವನ್ನು ಬುದ್ಧಿಯಿಂದ ಅರಸುವ ಮಗುವಿಗೆ ಈ ವಿದ್ಯೆಯೇ ಮೊದಲ ಆಯ್ಕೆಯಾಗಬೇಕು.

ಅವಳ ತಂದೆಗೆ ಮಾತ್ರ ಸಮಾಧಾನವಿರಲಿಲ್ಲ. ಮಠಕ್ಕೆ ಬಂದು, “ಬುದ್ಧಿ, ಮಗಳು ಡಾಕ್ಟ್ರಾಗ್ಲಿ ಅಂತ ಆಸೆ ಇಟ್ಕೊಂಡಿದ್ದೆ. ಕಂಡೋರ ಮೈ ತೊಳೆಯೋ ಕೆಲ್ಸಕ್ಕೆ ಕಳಿಸಿದ್ರೆ ನೆಂಟ್ರು ಏನಂದಾರು?” ಎಂದರು.

“ನಿಮ್ಮ ತಾಯಿಯವರ ಮೈ ತೊಳೆದವರು ಯಾರಪ್ಪಾ?” ಎಂದು ನಾವು ಕೇಳಿದೆವು.

“ಇವ್ಳೇ ಬುದ್ಧಿ.”

“ಆಗ ನೆಂಟರು ಏನೆಂದರು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಂಥಾ ಮೊಮ್ಮಗಳು ಇರ್ಬೇಕು ಅಂದ್ರು ಬುದ್ಧಿ” ಎಂದರು.

ಅಜ್ಜಿಯ ವಿಷಯದಲ್ಲಿ ಪುಣ್ಯವೆನಿಸಿದ್ದು ಅನ್ಯರ ಅಜ್ಜಿಯ ವಿಷಯದಲ್ಲಿ ಅವಮಾನವಾಗುವುದು ಹೇಗೆ? ತನ್ನವರು, ಪರರು ಎಂಬ ಗೋಡೆಯನ್ನು ಕೆಡವುವುದೇ ದಾಸೋಹಭಾವವಲ್ಲವೇ? ತಂದೆ ಒಪ್ಪಿದರು. ಆದರೆ ಒಪ್ಪಿದವರು ಮರುಕ್ಷಣವೇ, “ಹಂಗಾದ್ರೆ ಬುದ್ಧಿಯೋರು ಒಂದು ಚೀಟಿ ಕೊಟ್ಟುಬಿಡಿ, ಸೀಟು ಸಿಕ್ಕಿಬಿಡ್ಲಿ” ಎಂದು ಕೈಮುಗಿದರು. ಇಂತಹ ಬೇಡಿಕೆಗಳು ನಮ್ಮ ಬಳಿಗೆ ಪ್ರತಿವರ್ಷವೂ ಬರುತ್ತವೆ. ರ‍್ಯಾಂಕಿನ ಕ್ರಮದಲ್ಲಿ ಹಂಚಬೇಕಾದ ಸೀಟಿಗೆ ಸ್ವಾಮಿಗಳ ಚೀಟಿ ಏತಕ್ಕೆ? ಒಂದು ವೇಳೆ ಅದು ನಡೆಯುವಂತಿದ್ದರೂ, ಚೀಟಿಯಿಂದ ಒಬ್ಬಳಿಗೆ ದೊರೆತ ಸೀಟು ಚೀಟಿಯಿಲ್ಲದ ಮತ್ತೊಬ್ಬಳ ಕೈತಪ್ಪಿದ ಸೀಟೇ ಆಗಿರುತ್ತದೆ. ರೋಗಿಗಳಲ್ಲಿ ಬಡವ ಬಲ್ಲಿದನೆಂಬ ಭೇದವೆಣಿಸಬಾರದ ಕಾಯಕಕ್ಕೆ ಪ್ರವೇಶವೇ ಭೇದದಿಂದ ಆರಂಭವಾಗುವುದು ಶೋಭಿಸದು. ಆದ್ದರಿಂದ ಚೀಟಿಯನ್ನು ಕೊಡದೆ, ಹುಡುಗಿಗೆ ಭೌತಶಾಸ್ತ್ರ ಹೇಳಿಕೊಡಲು ನಮ್ಮ ಕಾಲೇಜಿನ ಉಪನ್ಯಾಸಕರೊಬ್ಬರನ್ನು ಗೊತ್ತುಮಾಡಿದೆವು. ಮೊದಲ ಸುತ್ತಿನಲ್ಲಿ ಅವಳಿಗೆ ಸೀಟು ದೊರೆಯಲಿಲ್ಲ. ಎರಡನೆಯ ಸುತ್ತಿನಲ್ಲಿ, ಊರಿನಿಂದ ದೂರದ ಒಂದು ಸರ್ಕಾರಿ ಕಾಲೇಜಿನಲ್ಲಿ, ತನ್ನ ರ‍್ಯಾಂಕಿನ ಬಲದಿಂದಲೇ ದೊರೆಯಿತು.

ಖಾಸಗಿ ಕಾಲೇಜುಗಳನ್ನು ಆರಿಸಿಕೊಳ್ಳಬೇಕಾದಾಗ ಪೋಷಕರು ಕಟ್ಟಡದ ಅಂದವನ್ನು ನೋಡಿ ಮರುಳಾಗಬಾರದು. ಆ ಕಾಲೇಜಿಗೆ ಸ್ವಂತ ಆಸ್ಪತ್ರೆಯಿದೆಯೇ, ಅದರಲ್ಲಿ ಎಷ್ಟು ಹಾಸಿಗೆಗಳಿವೆ, ಅವುಗಳಲ್ಲಿ ರೋಗಿಗಳು ನಿಜವಾಗಿಯೂ ಇದ್ದಾರೆಯೇ ಎಂಬುದನ್ನು ಹೋಗಿ ನೋಡಬೇಕು. ರೋಗಿಯಿಲ್ಲದ ಕಾಲೇಜಿನಲ್ಲಿ ಶುಶ್ರೂಷೆ ಕಲಿಯುವುದು ನೀರಿಲ್ಲದ ಬಾವಿಯಲ್ಲಿ ಈಜು ಕಲಿತಂತೆ. ವಿಶ್ವವಿದ್ಯಾಲಯದ ಸಂಯೋಜನೆ, ಶುಶ್ರೂಷಾ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೆ ಇವೆಯೇ ಎಂಬುದನ್ನು ವಿಚಾರಿಸಬೇಕು. ಓದು ಮುಗಿದ ಮೇಲೆ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದೆ ಕೆಲಸ ಮಾಡುವಂತಿಲ್ಲ. ಸೀಟು ಕೊಡಿಸುತ್ತೇವೆಂದು ಊರೂರಿಗೆ ಬರುವ ದಲ್ಲಾಳಿಗಳ ಕೈಗೆ ಹಣವನ್ನಾಗಲಿ, ಮೂಲ ಅಂಕಪಟ್ಟಿಗಳನ್ನಾಗಲಿ ಕೊಡಕೂಡದು. ಈ ಮಾತನ್ನು ಹೇಳುವಾಗ ಮಠಗಳು ನಡೆಸುವ ಸಂಸ್ಥೆಗಳಿಗೂ ಒಂದು ವಿನಂತಿಯನ್ನು ಮಾಡಲೇಬೇಕು. ಅನ್ನ, ಅಕ್ಷರ, ಆಶ್ರಯಗಳನ್ನು ದಾಸೋಹವೆಂದು ನಡೆಸಿಕೊಂಡು ಬಂದ ಪರಂಪರೆ ನಮ್ಮದು. ಶುಶ್ರೂಷಾ ವಿದ್ಯಾಲಯವನ್ನು ಆದಾಯದ ಮೂಲವೆಂದು ಮಾತ್ರ ಎಣಿಸಿದರೆ ಆ ಪರಂಪರೆಗೆ ಚ್ಯುತಿ ಬರುತ್ತದೆ. ಪ್ರತಿ ತಂಡದಲ್ಲಿ ಕೆಲವು ಬಡ ಮಕ್ಕಳನ್ನಾದರೂ ಶುಲ್ಕವಿಲ್ಲದೆ ಓದಿಸುವ ಸಂಕಲ್ಪವನ್ನು ನಾವೆಲ್ಲರೂ ಮಾಡಬೇಕಾಗಿದೆ.

ಪದವಿಯ ಸೀಟು ದೊರೆಯದವರು ಧೈರ್ಯಗೆಡಬಾರದು. ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಓದಿ, ಬಳಿಕ ಎರಡು ವರ್ಷಗಳ ಪೋಸ್ಟ್ ಬೇಸಿಕ್ ತರಗತಿಯಿಂದ ಪದವಿಯನ್ನು ತಲುಪುವ ದಾರಿಯುಂಟು. ಗಂಡುಮಕ್ಕಳಿಗೂ ರಾಜ್ಯದ ಕಾಲೇಜುಗಳಲ್ಲಿ ಈ ವಿದ್ಯೆಯ ಬಾಗಿಲು ತೆರೆದಿದೆ. ಪುರುಷ ರೋಗಿಗಳ ವಾರ್ಡಿನಲ್ಲಿ, ತುರ್ತು ಚಿಕಿತ್ಸಾ ವಿಭಾಗದಲ್ಲಿ ಅವರ ಅಗತ್ಯ ಬಹಳವಾಗಿದೆ. ಸೇವೆಯು ಹೆಂಗಸರ ಪಾಲಿನದೆಂದು ಭಾವಿಸುವುದಾದರೆ, ಶರಣರ ಮನೆಗಳಲ್ಲಿ ಪಾದ ತೊಳೆದವರು, ಬಟ್ಟೆ ಒಗೆದವರು, ಕಸ ಗುಡಿಸಿದವರಲ್ಲಿ ಗಂಡಸರೂ ಇದ್ದರೆಂಬುದನ್ನು ನೆನೆಯಬೇಕು.

ಈ ಕಾಯಕದ ಕಷ್ಟಗಳನ್ನು ಮುಚ್ಚಿಟ್ಟು ಹೊಗಳುವುದು ನಮ್ಮ ಅಭಿಪ್ರಾಯವಲ್ಲ. ರಾತ್ರಿಪಾಳಿ ದೇಹವನ್ನು ದಣಿಸುತ್ತದೆ. ರೋಗಿಯ ಕಡೆಯವರ ಬೈಗುಳಗಳು ಮೊದಲು ತಾಗುವುದು ಇವರಿಗೇ. ಖಾಸಗಿ ಆಸ್ಪತ್ರೆಗಳಲ್ಲಿ ವೇತನ ಎಷ್ಟೋ ಕಡೆ ಅತ್ಯಲ್ಪ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2016ರಲ್ಲಿ ಕೇಂದ್ರ ಸರ್ಕಾರವು ನೇಮಿಸಿದ ಸಮಿತಿಯು, ಸಣ್ಣ ಆಸ್ಪತ್ರೆಗಳಲ್ಲಿಯೂ ಶುಶ್ರೂಷಕರ ವೇತನ ತಿಂಗಳಿಗೆ 20,000 ರೂಪಾಯಿಗಳಿಗಿಂತ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ಶಿಫಾರಸು ಮಾಡಿದ್ದೆಲ್ಲವೂ ಎಲ್ಲ ಕಡೆ ಆಚರಣೆಗೆ ಬಂದಿಲ್ಲ. ಕಾಯಕವೆಂದರೆ ಕೂಲಿಯಿಲ್ಲದ ದುಡಿಮೆಯೆಂದು ಕೆಲವು ಮಾಲೀಕರು ಅರ್ಥಮಾಡಿಕೊಂಡಂತೆ ಕಾಣುತ್ತದೆ. ಶರಣರು ಕಾಯಕಕ್ಕೆ ತಕ್ಕ ಪ್ರತಿಫಲವನ್ನು ನಿರಾಕರಿಸಲಿಲ್ಲ, ಅತಿಯಾಸೆಯನ್ನು ನಿರಾಕರಿಸಿದರು. ಸೇವೆಯ ಹೆಸರಿನಲ್ಲಿ ದುಡಿಯುವವರ ಕೂಲಿಯನ್ನು ಕಸಿಯುವವರು ಆ ಅತಿಯಾಸೆಯ ಪಾಲಿಗೆ ಸೇರುತ್ತಾರೆ.

ಮಕ್ಕಳೇ, ನೀವು ಅರ್ಜಿಯಲ್ಲಿ ವಿದ್ಯಾಲಯಗಳ ಹೆಸರುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವಾಗ ನಿಮ್ಮ ಮನಸ್ಸಿನಲ್ಲಿಯೂ ಒಂದು ಕ್ರಮ ಸಿದ್ಧವಾಗಿರಲಿ. ಬೇರೇನೂ ಸಿಗಲಿಲ್ಲವೆಂಬ ಕಾರಣಕ್ಕೆ ಈ ವಿದ್ಯೆಗೆ ಬರುವುದಾದರೆ ದಯಮಾಡಿ ಇನ್ನೊಮ್ಮೆ ಯೋಚಿಸಿರಿ. ನಿಮ್ಮ ಬೇಸರದ ಬೆಲೆಯನ್ನು ತೆರುವವನು ಮಂಚದ ಮೇಲೆ ಅಸಹಾಯಕನಾಗಿ ಮಲಗಿದ ರೋಗಿ. ಮನಸ್ಸಿಟ್ಟು ಬರುವುದಾದರೆ ತಲೆಯೆತ್ತಿ ಬನ್ನಿರಿ. ತಂದೆತಾಯಿಗಳೇ, ನೆಂಟರಿಷ್ಟರ ಮುಂದೆ ನಿಮ್ಮ ಮಗಳು ಏನು ಓದುತ್ತಿದ್ದಾಳೆಂದು ಹೇಳುವಾಗ ಆ “ಆದರೂ” ಎಂಬ ಪದವನ್ನು ಬಿಟ್ಟುಬಿಡಿರಿ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ದಿನ ಯಾರದೋ ಮಗಳ, ಯಾರದೋ ಮಗನ ಕೈಯಿಂದ ಒಂದು ಗುಟುಕು ನೀರನ್ನು ನಿರೀಕ್ಷಿಸಬೇಕಾದವರೇ. ಆ ಕೈಗಳು ವಿದ್ಯೆಯಿಂದ ನಿಪುಣವಾಗಲಿ, ದಯೆಯಿಂದ ಮೃದುವಾಗಲಿ ಎಂದು ಶ್ರೀಗುರುವನ್ನು ಪ್ರಾರ್ಥಿಸುತ್ತೇವೆ. ಈ ವರ್ಷ ಅರ್ಜಿ ಸಲ್ಲಿಸುವ ಎಲ್ಲ ಮಕ್ಕಳಿಗೂ ಶುಭವಾಗಲಿ.